ಗುಂಡುಸೂಜಿ ಕಚ್ಚಿ ಕಲಿತ ಸ್ಪ್ಯಾನಿಶ್

ನಮ್ಮ ಬೀದಿಯ ಟೈಲರ್ ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರು. ಎಷ್ಟೆಂದರೆ, ಒಮ್ಮೆ ಅವರು ಸೀನಿದಾಗ ಮೂರು ಅಂಗಡಿ ಆಚೆ ಬಲೂನು ಒಡೆಯಿತು. ಬಲೂನಿನವನು ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ.

ಹಡಗಿನಲ್ಲಿ ಅಡುಗೆ ಮಾಡುವ ಟೈಲರ ಮಗ ಸ್ಪ್ಯಾನಿಶ್ ಮಾತಿನ ಹುಡುಗಿಯನ್ನು ಮದುವೆಯಾಗಿ ಕರೆತಂದ. ತಿಂಗಳೊಳಗೆ ಹಡಗು ಅವನನ್ನು ಮತ್ತೆ ಕರೆಯಿತು; ಸೊಸೆ ಉಳಿದಳು. ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹೊಲಿಯುವಳು, ಕಿಟಕಿ ನೋಡುವಳು. ಮಾತಿಲ್ಲ, ಕತೆಯಿಲ್ಲ.

ಟೈಲರ್ ಸ್ಪ್ಯಾನಿಶ್ ಕಲಿಸುವ ಹಳೇ ಪುಸ್ತಕವೊಂದನ್ನು ತಂದು ಮಿಷನ್ನಿಗೆ ಒರಗಿಸಿಟ್ಟರು.

"ಇರೋ ಭಾಷೇಲೇ ನನ್ ಹತ್ರ ದಿನಕ್ಕೆರಡು ಮಾತು," ಎಂದರು ಹೆಂಡತಿ. "ಈಗ ಇನ್ನೊಂದು ಬೇರೆ ಬೇಕಂತೆ."

"ಈ ಮನೆ ನಿಂದು ಅಂತ ಅವಳಿಗೆ ಯಾರಾದ್ರೂ ಹೇಳ್ಬೇಕಲ್ವೇನೇ."

ಆ ಭಾಷೆಯಲ್ಲಿ ಸೂಜಿ ಹೆಣ್ಣು, ದಾರ ಗಂಡು. ಗಂಡು ಪದಗಳನ್ನು ನೀಲಿ ಸೀಮೆಸುಣ್ಣದಲ್ಲಿ, ಹೆಣ್ಣು ಪದಗಳನ್ನು ಬಿಳಿಯದರಲ್ಲಿ ಗಿರಾಕಿಗಳ ಕೋಟಿನ ಒಳಮೈಗೆ ಬರೆದು ಬಾಯಿಪಾಠ ಮಾಡಿದರು. ಅರ್ಧ ಊರು ಬೆನ್ನಲ್ಲಿ ಸ್ಪ್ಯಾನಿಶ್ ಹೊತ್ತು ತಿರುಗಿತು. ಮಧ್ಯಾಹ್ನದ ಹಳದಿ ಬೆಳಕಿನಲ್ಲಿ ತೂಕಡಿಸಿದರೆ, ನೇತುಹಾಕಿದ ಕೋಟುಗಳ ತೋಳುಗಳು ಮೆಲ್ಲಗೆ ಎದ್ದು ತಮ್ಮ ಹೆಸರು ಹೇಳುತ್ತಿದ್ದವು. ಅರ್ಧ ಹೊಲಿದ ಅಂಗಿಯೊಂದು 'ನಾನು ಇರುತ್ತೇನೆ, ನೀನು ಇರುತ್ತೀಯ, ನಾವು ಇರುತ್ತೇವೆ' ಎಂದು ಒಪ್ಪಿಸುತ್ತಾ ಕಿಟಕಿಯಿಂದ ಹಾರಿ ಸಮುದ್ರದ ಕಡೆ ತೇಲುತ್ತಿತ್ತು.

ನಾಲ್ಕನೆಯ ತಿಂಗಳು, ಒಂದು ಗುರುವಾರ, ಸೊಸೆಯ ಸೂಟ್‌ಕೇಸು ಬಾಗಿಲ ಪಕ್ಕಕ್ಕೆ ಬಂತು. ಭಾನುವಾರ ತವರಿಗೆ ಹೊರಡುತ್ತಾಳಂತೆ. ಮಗ ಫೋನಿನಲ್ಲಿ, "ಹೇಗಾದ್ರೂ ಉಳಿಸ್ಕೊಳ್ಳಿ ಅಪ್ಪ," ಎಂದ.

ಟೈಲರ್ ಮರ್ಯಾದೆಯಿಂದ ಗುಂಡುಸೂಜಿಗಳನ್ನೆಲ್ಲ ಉಗಿದು, ಗಂಟಲು ಸರಿಮಾಡಿಕೊಂಡು ಸೊಸೆಯ ಮುಂದೆ ನಿಂತರು. ಒಂದಕ್ಷರ ಹೊರಡಲಿಲ್ಲ. ಕಲಿತದ್ದೆಲ್ಲ ಸೂಜಿ ಕಚ್ಚಿಕೊಂಡೇ; ಬೇಲಿ ಕಿತ್ತ ಮೇಲೆ ನಾಲಿಗೆಗೆ ದಾರಿಯೇ ತಿಳಿಯಲೊಲ್ಲದು.

"ಸೂಜಿ ಇಟ್ಕೊಂಡೇ ಹೇಳ್ರೀ," ಎಂದರು ಹೆಂಡತಿ.

ಒಂದು ಡಜನ್ ಕಚ್ಚಿಕೊಂಡರು. "ಎಸ್ತಾ ಎಸ್ ತು ಕಾಸಾ." ಇದು ನಿನ್ನ ಮನೆ. ಮಾತು ಪ್ರೆಶರ್ ಕುಕ್ಕರಿನ ಹಾಗೆ ಸುಯ್ಯೆಂದಿತು.

ಸೊಸೆ ನಕ್ಕಳು. ನಾಲ್ಕು ತಿಂಗಳ ನಗು ಒಟ್ಟಿಗೇ ಬಂತು; ಹ್ಯಾಂಗರುಗಳು ಸಂಜೆಯವರೆಗೂ ತೂಗಾಡಿದವು. ಆಮೇಲೆ ಮಾವನ ಬಾಯಿಂದ ಒಂದೊಂದೇ ಸೂಜಿ ತೆಗೆಯುತ್ತಾ, ಒಂದೊಂದೇ ಪದ ತಿದ್ದಿಸಿದಳು. ಕೊನೆಗೆ ಬರಿಬಾಯಲ್ಲೇ ಮಾತು ಸರಿಯಾಗಿ ಬಂತು.

ಅವಳು ಸೂಟ್‌ಕೇಸಿನಿಂದ ಲೈನಿಂಗ್ ಹರಿದ ಕೋಟು ತೆಗೆದು ಮುಂದೆ ಹಿಡಿದಳು. ಯಾವಾಗ ಕೊಡುತ್ತೀರಿ ಎಂದು ತನ್ನ ಭಾಷೆಯಲ್ಲೇ ಕೇಳಿದಳು.

"ಮಾನ್ಯಾನಾ," ಎಂದರು ಟೈಲರ್.

"ಏನಂದ್ರಿ ಈಗ?" ಎಂದರು ಹೆಂಡತಿ.

"ನಾಳೆ ಅಂದೆ ಕಣೇ."

"ಸರಿಹೋಯ್ತು. ನನ್ ದಿಂಬಿನ ಚೀಲಕ್ಕೆ ಹನ್ನೊಂದು ವರ್ಷದಿಂದ ನಾಳೆ ಹೇಳ್ತಿದ್ದೀರ."

ನಾಲ್ಕು ತಿಂಗಳು ಆ ಅಂಗಡಿಯಲ್ಲಿ ಕೂತು ಗಿರಾಕಿಗಳ ಜಗಳ ನೋಡಿದವಳು ಸೊಸೆ. ಟೈಲರ ನಾಳೆ ಎಷ್ಟು ಉದ್ದವೆಂದು ಅವಳಿಗೆ ಗೊತ್ತು. ತಲೆಯಾಡಿಸಿ, ಉಳಿದ ಬಟ್ಟೆಗಳನ್ನೂ ಒಂದೊಂದಾಗಿ ತೆಗೆದು ಗೋಡೆಯ ಮೊಳೆಗಳಿಗೆ ನೇತುಹಾಕತೊಡಗಿದಳು.