ಇಬ್ಬನಿಗೆ ನಿಲ್ಲುತ್ತಿದ್ದ ಕಾರು

ಪೆಟ್ರೋಲಿನಲ್ಲಿ ಅದ್ದಿದ ಹಳೇ ಬನಿಯನ್ ತುಂಡು, ಅದಕ್ಕೆ ಮೆತ್ತಿಕೊಂಡ ಒಂದಿಷ್ಟು ಕುಂಕುಮ. ಇವೆರಡೂ ಸೇರಿದರೆ ಒಂದು ವಾಸನೆ ಬರುತ್ತೆ. ದೇವರ ಮನೆಯದು ಅನ್ನೋ ಹಾಗಿಲ್ಲ, ಶೆಡ್ಡಿನದು ಅನ್ನೋ ಹಾಗೂ ಇಲ್ಲ. ಮೊನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ಸಿಂಚನ ಅಂಥ ಬಟ್ಟೆಯೊಂದನ್ನ ನನ್ನ ಮೂಗಿನ ಹತ್ತಿರ ಹಿಡಿದು, "ಅಜ್ಜೀ, ಕಳ್ಳ ಸಿಕ್ಕಿದ ನೋಡು" ಅಂದಳು. ನಾನು ಕಾಂಪೌಂಡ್ ಕಟ್ಟೆ ಮೇಲೆ ಕೂತುಬಿಟ್ಟೆ. ಆ ವಾಸನೆ ನನಗೆ ಹೊಸದಲ್ಲ. ವರ್ಷಕ್ಕೊಂದು ಸಲ, ಆಯುಧಪೂಜೆಯ ಮಾರನೇ ದಿನ, ನಮ್ಮನೆಯವರ ಕೈಯಿಂದ ಅದೇ ವಾಸನೆ ಬರುತ್ತಿತ್ತು.

ಮೊದಲು ಮೊಮ್ಮಗಳ ಮಾತು ಹೇಳಿಬಿಡುತ್ತೇನೆ. ಅದನ್ನ ಹೇಳದೆ ಬೇರೆ ಏನೂ ಬಾಯಿಗೆ ಬರಲ್ಲ, ಅಷ್ಟು ತುಂಬಿಕೊಂಡಿದೆ. ಸಿಂಚನ ಗಾಡಿ ಕೆಲಸದಲ್ಲೇ ಡಿಪ್ಲೊಮಾ ಓದಿದಳು. ಬಸವೇಶ್ವರನಗರದ ಕಡೆ ಒಂದು ಸರ್ವೀಸ್ ಸೆಂಟರಿನಲ್ಲಿ ಇದಾಳೆ. ಅಲ್ಲಿ ಗಾಡಿಗೆ ಒಂದು ವೈರು ಚುಚ್ಚಿದರೆ ಕಂಪ್ಯೂಟರೇ ಕಾಯಿಲೆ ಹೇಳುತ್ತಂತೆ. "ನಮ್ಮನೆ ಗಾಡಿಗೂ ಚುಚ್ಚೇ" ಅಂದಿದ್ದಕ್ಕೆ, "ಇದಕ್ಕೆ ಚುಚ್ಚೋಕೆ ತೂತೇ ಇಲ್ಲ ಅಜ್ಜಿ, ಇದು ನಿನ್ನ ಥರ. ಮಾತಾಡಿಸಿ ಮಾತಾಡಿಸಿ ತಿಳ್ಕೋಬೇಕು" ಅಂತಾಳೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಮೊಮ್ಮಗಳು, ಸ್ಪ್ಯಾನರ್ ಹಿಡಿದು ನಿಂತರೆ ಅವಳ ತಾತನೇ ನಿಂತ ಹಾಗೆ, ಅದೇ ಎಡಗಡೆ ವಾಲು. ದೃಷ್ಟಿ ತೆಗೆದು ತೆಗೆದು ನನ್ನ ಮನೇಲಿ ಒಣಮೆಣಸಿನಕಾಯಿ ಉಳಿಯುತ್ತಿಲ್ಲ.

ನಾವಿರೋದು ಹೆಗ್ಗನಹಳ್ಳಿಯಲ್ಲಿ. ಮನೆ ಮುಂದೆ ಟಾರ್ಪಾಲು ಹೊದ್ದುಕೊಂಡು ನಿಂತಿರೋ ಹಳೇ ಕಾರನ್ನ ಈ ಬೀದಿಯವರೆಲ್ಲ ನಮ್ಮದು ಅಂದುಕೊಂಡಿದಾರೆ. ನಾವು ಮಾತ್ರ ಯಾವತ್ತೂ 'ಮೇಷ್ಟ್ರ ಕಾರು' ಅಂತಲೇ ಅನ್ನೋದು.

ನಮ್ಮನೆಯವರ ಹೆಸರು ನಾನು ಹೇಳಲ್ಲ, ಬರೆಯೋದೂ ಇಲ್ಲ, ಅಭ್ಯಾಸ. ಅವರು ಗಾಡಿಗಳ ವೈರಿಂಗ್ ಕೆಲಸದವರು. ಮಾಗಡಿ ರಸ್ತೆಯಿಂದ ಒಳಗೆ ಒಂದು ತಗಡಿನ ಶೆಡ್ಡು, ಅದರಲ್ಲಿ ಇಬ್ಬರು ಯಜಮಾನರು. ಇಂಜಿನ್ನು ನಂಜಪ್ಪಣ್ಣನದು, ಕರೆಂಟು ನಮ್ಮವರದು. ನಂಜಪ್ಪಣ್ಣ ಮಲ್ಲತ್ತಹಳ್ಳಿಯವರು, ರಾಗಿ ಬೆಳೆಯೋ ಮನೆತನದಿಂದ ಬಂದ ದೊಡ್ಡ ಆಳು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನ ಇಂಜಿನ್ನಿಗೆ ಒತ್ತಿ, ಹಿಡಿಯನ್ನ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರೆ, ಮೂರನೇ ಪಿಸ್ಟನ್ನು ಏನು ಗೊಣಗುತ್ತಿದೆ ಅಂತ ಹೇಳುತ್ತಿದ್ದರು. ನಮ್ಮವರ ಕೈಯಲ್ಲಿ ಎರಡು ವೈರು ಕಟ್ಟಿದ ಒಂದು ಪುಟ್ಟ ಬಲ್ಬು. ಅದನ್ನ ಅಲ್ಲಿ ಮುಟ್ಟಿಸಿ ಇಲ್ಲಿ ಮುಟ್ಟಿಸಿ, ಕರೆಂಟು ಎಲ್ಲಿಗೆ ಬಂದು ಎಲ್ಲಿ ನಿಂತಿದೆ ಅಂತ ಹುಡುಕೋರು. ಮಧ್ಯಾಹ್ನ ನಾನು ತರೋ ಮುದ್ದೆ ಬುತ್ತಿ ಇಬ್ಬರಿಗೂ ಒಂದೇ. "ತಂಗೀ, ನಿನ್ ಗಂಡಂಗೆ ಸಾರು ಕಮ್ಮಿ ಹಾಕು, ಇವತ್ತು ಅವ್ನು ಒಂದು ಫ್ಯೂಸ್ ಹಾಕಕ್ಕೆ ಅರ್ಧ ದಿನ ಮಾಡವ್ನೆ" ಅಂತ ನಂಜಪ್ಪಣ್ಣ ಅನ್ನೋರು. ಒಬ್ಬರನ್ನೊಬ್ಬರು ಆಡಿಕೊಳ್ಳದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ರಾಜಾಜಿನಗರದ ಒಬ್ಬ ಮೇಷ್ಟ್ರು ಮಗಳ ಮದುವೆ ಹೊತ್ತಿಗೆ ಇರಲಿ ಅಂತ ಈ ಕಾರನ್ನ, ಆಗಲೇ ಹಳೇದು, ಕೊಂಡು ತಂದರು. ಆ ವರ್ಷದ ಆಯುಧಪೂಜೆ ದಿನ ಕಾರು ಶೆಡ್ಡಿನಲ್ಲೇ ಬಾನೆಟ್ ತೆರೆದುಕೊಂಡು ನಿಂತಿತ್ತು. ಬೇರೆ ಗಾಡಿಗಳಿಗಾದರೆ ಹೊರಗೆ ಒಂದು ಹಾರ, ಒಂದು ಬೊಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು, ಅಷ್ಟೇ. ಅವತ್ತು ಮೊದಲ ಸಲ ಒಳಗಿನದು ನೋಡಿದೆ. ಕರೀ ಬುಡ್ಡಿ ಥರದ್ದೊಂದು, ಅದರ ತಲೆಯಿಂದ ಐದು ದಪ್ಪ ವೈರು ಮೇಲೆದ್ದು ಬಾಗಿದಾವೆ. ಇಂಜಿನ್ನಿಗೆ ಕಿಡಿ ಹಂಚೋ ಕ್ಯಾಪು ಅದು ಅಂತ ಈಗ ಗೊತ್ತು. ಅವತ್ತು ನನ್ನ ಕಣ್ಣಿಗೆ ಅದು ಐದು ಹೆಡೆಯ ನಾಗಪ್ಪ. ಮೈ ಜುಮ್ಮಂತು. ನಾಗಪ್ಪನ್ನ ನೋಡಿ ಬರಿಗೈಲಿ ಬರೋದುಂಟಾ? ಕುಂಕುಮಕ್ಕೆ ನೀರು ಹಾಕಿ, ಉದುರಬಾರದು ಅಂತ ಚಿಟಿಕೆ ಸುಣ್ಣ ಸೇರಿಸಿ ಕಲಸಿ, ಒಂದೊಂದು ಹೆಡೆಯ ಬುಡಕ್ಕೂ ಒಂದೊಂದು ಬೊಟ್ಟು ಇಟ್ಟೆ. ಚುಕ್ಕಿ ಇಟ್ಟ ಮೇಲೆ ಗೆರೆ ಎಳೆಯದೆ ಬಿಡೋ ಹೆಂಗಸು ಎಲ್ಲಾದರೂ ಇದಾಳಾ? ಬೊಟ್ಟಿಂದ ಬೊಟ್ಟಿಗೆ ಉಂಗುರದ ಬೆರಳಲ್ಲೇ ನೀಟಾಗಿ ಗೆರೆ ಎಳೆದೆ. ಮಂಗಳಾರತಿ ಆಯ್ತು. ಬಾನೆಟ್ ಮುಚ್ಚಿದರು.

ಅದಾಗಿ ಸ್ವಲ್ಪ ದಿನಕ್ಕೆ ಮೇಷ್ಟ್ರು ದೂರು ತಂದರು. "ಬೆಳಿಗ್ಗೆ ಕೆಮ್ಮುತ್ತೆ, ನಿಂತುಬಿಡುತ್ತೆ. ಬಿಸಿಲು ಬಂದ್ರೆ ಏನೂ ಇಲ್ಲ ನೋಡಿ." ಅವರು ಶೆಡ್ಡಿಗೆ ತರೋ ಹೊತ್ತಿಗೆ ಬಿಸಿಲು ಏರಿರುತ್ತಿತ್ತು, ಕಾರು ಮಗುವಿನ ಹಾಗೆ ಸುಮ್ಮನೆ ಓಡುತ್ತಿತ್ತು. ನಮ್ಮವರು ಬ್ಯಾಟರಿ ನೋಡಿದರು, ಕಾಯಿಲ್ ಬದಲಾಯಿಸಿದರು. ನಂಜಪ್ಪಣ್ಣ ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರ್ ಬಿಚ್ಚಿ ಊದಿ ಕೂರಿಸಿದರು. ಡಾಕ್ಟರ ಹತ್ತಿರ ಹೋದಾಗ ಮಾಯವಾಗೋ ಹಲ್ಲುನೋವು ಇರುತ್ತಲ್ಲ, ಹಾಗೆ. ಮದುವೆಯ ಹಿಂದಿನ ದಿನ ಮೇಷ್ಟ್ರು ಬಂದು, "ನಂಬಬಹುದೇನಪ್ಪಾ?" ಅಂತ ಕೇಳಿದರು. ಇಬ್ಬರೂ ಬಾನೆಟ್ ಮೇಲೆ ಕೈಯಿಟ್ಟು "ನಂಬಿ ಸಾರ್" ಅಂದರು. ನಾನೂ ಅಲ್ಲೇ ಇದ್ದೆ. ನಾಗಪ್ಪ ಇದಾನೆ, ಏನೂ ಆಗಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಛತ್ರ ಕೆಂಗೇರಿಯಲ್ಲಿ. ಕಾರ್ತೀಕದ ಮಂಜು. ನಾಗರಬಾವಿ ದಾಟುವಾಗ ಕಾರು ನಿಂತಿತು. ಈಗಿನ ನಾಗರಬಾವಿ ಅಲ್ಲ, ಆಗ ಅಲ್ಲಿ ಕೂಗಿದರೂ ಕೇಳೋರಿರಲಿಲ್ಲ. ಬಾಸಿಂಗ ಕಟ್ಟಿದ ಹುಡುಗಿ ರಸ್ತೆ ಬದಿ ನಿಂತು, ಕೊನೆಗೆ ಸೊಪ್ಪಿನ ಟೆಂಪೋದಲ್ಲಿ ಕೊತ್ತಂಬರಿ ಕಟ್ಟುಗಳ ಮಧ್ಯೆ ಕೂತು ಛತ್ರಕ್ಕೆ ಹೋದಳು. ಮುಹೂರ್ತ ಮೀರಿತ್ತು. ಧಾರೆ ಆಯ್ತು, ಆಗಲಿಲ್ಲ ಅಂತಲ್ಲ. ಆದರೆ ಗಂಡಿನ ಕಡೆಯವರ ಕೊಂಕು ಆ ಹುಡುಗಿಯ ಬೆನ್ನಿಗೆ ಬಹಳ ಕಾಲ ಅಂಟಿಕೊಂಡೇ ಇತ್ತು ಅಂತ ಕೇಳಿದೀನಿ.

ಮಾರನೇ ದಿನ ಮೇಷ್ಟ್ರು ಕಾರಿನ ಸಮೇತ ಶೆಡ್ಡಿಗೆ ಬಂದರು. ಕೂಗಾಡಲಿಲ್ಲ. "ಯಾರ ಕಡೆಯ ತಪ್ಪು ಅಂತ ಹೇಳಿ ಸಾಕು. ಬೈಯಲ್ಲ" ಅಂದರು. ಇಬ್ಬರೂ ನೆಲ ನೋಡಿದರು. ಆಮೇಲೆ ನಮ್ಮನೆಯವರೇ ಬಾಯಿಬಿಟ್ಟರು. "ಕಾರ್ಬೊರೇಟರಿಗೆ ನೀರು ಹೋಗಿರಬೇಕು ಸಾರ್."

ಅಷ್ಟೇ ಮಾತು. ನಂಜಪ್ಪಣ್ಣ ನಮ್ಮವರ ಮುಖವನ್ನೇ ಒಂದು ಗಳಿಗೆ ನೋಡಿದರು. "ನನ್ ಕಾರ್ಬೊರೇಟರ್ ಸರಿ ಐತೆ" ಅಂದರು. ಸ್ಪ್ಯಾನರುಗಳನ್ನ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಮೇಷ್ಟ್ರೂ ಕಾರಿನ ಕೀ ಮೇಜಿನ ಮೇಲಿಟ್ಟು, "ಇದನ್ನ ನನ್ನ ಮನೆ ಮುಂದೆ ಮಾತ್ರ ತರಬೇಡಿ" ಅಂದು ಹೋದರು. ಆಮೇಲೆ ನಂಜಪ್ಪಣ್ಣನಿಗೆ 'ಮದುವೆ ನಿಲ್ಲಿಸಿದ ಮೆಕ್ಯಾನಿಕ್' ಅಂತ ಹೆಸರಾಯಿತು. ಅವರು ಮತ್ತೆ ಶೆಡ್ಡು ಹಾಕಲೇ ಇಲ್ಲ.

ಒಂದು ತಿಂಗಳು ಕಳೆದಿರಬಹುದು. ಮಂಜು ಬಿದ್ದ ಒಂದು ಬೆಳಿಗ್ಗೆ ತಿಂಡಿ ತಗೊಂಡು ಹೋದರೆ, ನಮ್ಮವರು ಆ ಕಾರಿನ ಬಾನೆಟ್ ಒಳಗೆ ತಲೆಯಿಟ್ಟು, ಮೇಲೆ ಪೂರ್ತಿ ಕಂಬಳಿ ಹೊದ್ದು ನಿಂತಿದಾರೆ. ಇಂಜಿನ್ನು ಕುಂಟಿಕೊಂಡು ಓಡುತ್ತಿದೆ. "ಚಳೀನಾ?" ಅಂದೆ. ಎಷ್ಟೋ ಹೊತ್ತಾದ ಮೇಲೆ ಕಂಬಳಿ ಒಳಗಿಂದ, "ಹ್ಞೂಂ ಕಣೇ, ಚಳಿ" ಅಂದರು. ಹೊರಗೆ ಬಂದು ನನ್ನ ಬಲಗೈ ಹಿಡಿದು, ಉಂಗುರದ ಬೆರಳನ್ನ ನೋಡಿದರು. ಬಿಟ್ಟರು. ಅವತ್ತು ತಿಂಡಿ ಮುಟ್ಟಲಿಲ್ಲ. ಸ್ನೇಹಿತ ಹೋದ ಸಂಕಟ ಅಂದುಕೊಂಡೆ. ನನಗಾದರೂ ಬುದ್ಧಿ ಎಲ್ಲಿತ್ತು ಹೇಳಿ.

ಆ ಕ್ಯಾಪು ಬದಲಾಯಿಸಿದರು. ಕಾರು ನಮ್ಮಲ್ಲೇ ಉಳಿಯಿತು. ಪ್ರತಿ ವರ್ಷ ಆಯುಧಪೂಜೆಗೆ ನಾನು ನಾಗಪ್ಪನಿಗೆ ಬೊಟ್ಟಿಟ್ಟು ಗೆರೆ ಎಳೆಯೋದು, ಮಾರನೇ ದಿನ ಅವರು ಬನಿಯನ್ ಬಟ್ಟೆಯನ್ನ ಪೆಟ್ರೋಲಿಗೆ ಅದ್ದಿ ಒರೆಸೋದು. "ದೇವರ ಕುಂಕುಮ ಒರೆಸ್ತೀರಲ್ಲಾ, ಕೈ ಹೇಗೆ ಬರುತ್ತೆ ನಿಮಗೆ?" ಅಂತ ಬೈಯುತ್ತಿದ್ದೆ. "ನಾಗಪ್ಪಂಗೆ ಎಣ್ಣೆ ಸ್ನಾನ ಕಣೇ" ಅಂತ ನಗೋರು. ಇಡಬೇಡ ಅಂತ ಒಂದು ದಿನ ಅನ್ನಲಿಲ್ಲ.

ನಮ್ಮವರು ತೀರಿಹೋಗಿ ಎರಡು ವರ್ಷ ಆಯ್ತು. ಅವತ್ತು ನಂಜಪ್ಪಣ್ಣ ಬಂದು ಗೇಟಿನ ಹೊರಗೇ ನಿಂತು ವಾಪಸ್ ಹೋದರಂತೆ, ನಾನು ಕಾಣಲಿಲ್ಲ. ಮೊದಲ ವರ್ಷ ಹಬ್ಬ ಮಾಡಲಿಲ್ಲ. ಈ ವರ್ಷ ಸಿಂಚನ ಕಾರಿಗೆ ಜೀವ ಬರಿಸಿದಳು, ಬೀದಿಯಲ್ಲಿ ಎರಡು ಸುತ್ತು ಓಡಿಸಿದಳು. ಹಣೆಗೆ ಇಟ್ಟುಕೊಳ್ಳೋದು ಬಿಟ್ಟವಳು ಗಾಡಿಗೆ ಹೇಗೆ ಇಡಲಿ ಅಂತ ನಾನು ಹಿಂದೆ ಸರಿದರೆ, "ಪ್ರತಿ ವರ್ಷ ಇಟ್ಟಿದ್ದು ನೀನು. ಈಗಲೂ ನೀನೇ ಇಡಬೇಕು" ಅಂತ ಕೈಗೆ ಬಟ್ಟಲು ಕೊಟ್ಟಳು. ಇಟ್ಟೆ. ಗೆರೆಯನ್ನೂ ಎಳೆದೆ. ಮಾರನೇ ದಿನ ಒರೆಸೋರು ಇರಲಿಲ್ಲ.

ಮೊನ್ನೆ ಮೊದಲ ಇಬ್ಬನಿ ಬಿತ್ತು. ಕಾರು ಕೆಮ್ಮಿ ನಿಂತಿತು. ಸಿಂಚನ ತಾತನ ಬಲ್ಬು ತಂದು ಕರೆಂಟು ನೋಡಿದಳು, ಪೆಟ್ರೋಲು ನೋಡಿದಳು. ಎಲ್ಲಾ ಸರಿ. ಯೋಚಿಸಿ, "ಅಜ್ಜಿ, ಕಂಬಳಿ ಕೊಡು" ಅಂದಳು. ತಂದುಕೊಟ್ಟೆ. ಕಂಬಳಿ ಹೊದ್ದು ಒಳಗಿಂದಲೇ, "ನೀನು ಕೂತ್ಕೊಂಡು ಕೀ ತಿರುಗಿಸು" ಅಂತ ಕೂಗಿದಳು. ಈ ವಯಸ್ಸಿಗೆ ಮೊದಲ ಸಲ ಕಾರಿನ ಕೀ ತಿರುಗಿಸಿದೆ ನೋಡಿ ನಾನು. "ಸಿಕ್ತು!" ಅಂತ ಕಿರುಚಿದಳು. ಆಮೇಲೆ ನನ್ನನ್ನ ಕಂಬಳಿ ಒಳಗೆ ನಿಲ್ಲಿಸಿ, "ಸೆರಗು ಸಿಕ್ಕಿಸ್ಕೋ, ಏನೂ ಮುಟ್ಟಬೇಡ, ಬರೀ ನೋಡು" ಅಂತ ಅವಳು ಕೀ ತಿರುಗಿಸಿದಳು.

ಕತ್ತಲಲ್ಲಿ ನೀಲಿ ಕಿಡಿ. ಒಂದು ಹೆಡೆಯಿಂದ ಇನ್ನೊಂದು ಹೆಡೆಗೆ, ನಾನು ಎಳೆದ ಗೆರೆಯ ಮೇಲೇ, ಒಂದು ಚೂರೂ ಆಚೀಚೆ ಹೋಗದೆ ಹರಿಯುತ್ತಿದೆ. ಒಣಗಿದ್ದರೆ ಸುಮ್ಮನಿರುತ್ತಂತೆ, ತೇವ ಕುಡಿದರೆ ಆ ಗೆರೆಯೇ ಕರೆಂಟಿಗೆ ದಾರಿಯಂತೆ. ಇಂಜಿನ್ನಿಗೆ ಸೇರಬೇಕಾದ ಕಿಡಿ ನನ್ನ ರಂಗೋಲಿ ಮೇಲೆ ಸುತ್ತಾಡಿಕೊಂಡಿರುತ್ತಂತೆ.

ಅವಳು ಬಟ್ಟೆ ಹಿಡಿದು 'ಕಳ್ಳ ಸಿಕ್ಕಿದ' ಅಂದಿದ್ದು ಆಮೇಲೆ. ಅವಳ ನಗು ನೋಡಿ ನನಗೂ ನಗು ಬರಬೇಕಿತ್ತು. ಕೂತಲ್ಲೇ ಎಲ್ಲಾ ಹೇಳಿದೆ. ಕೇಳಿ ಅವಳ ಮುಖ ಇಳಿಯಿತು. "ತಾತಂಗೆ ಗೊತ್ತಾದ ಮೇಲೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಬೆರಳು ತೋರಿಸಬೇಕಿತ್ತಲ್ಲೇ."

"ನಿನ್ನ ಬೆರಳು ಉಳಿಸೋಕೆ ಆ ನಂಜಪ್ಪ ತಾತನ ಹೆಸರು ಹೋಯ್ತಲ್ಲ ಅಜ್ಜಿ."

ನನ್ನನ್ನ ಅಷ್ಟು ಜೋಪಾನ ಮಾಡಿದವರು ಇನ್ನೊಬ್ಬರಿಗೆ ಮಾಡಿದ್ದು ಅನ್ಯಾಯವೇ. ಎರಡೂ ನಿಜ. "ಗಾಡಿ ತೆಗಿ, ಮಲ್ಲತ್ತಹಳ್ಳಿಗೆ ಹೋಗೋಣ" ಅಂದೆ.

ಕೆರೆ ಹತ್ತಿರದ ಮನೆ. ನಂಜಪ್ಪಣ್ಣ ಬಾಗಿಲ ಮುಂದೆ ಕುರ್ಚಿಯಲ್ಲಿ ಬಿಸಿಲು ಕಾಯುತ್ತಿದ್ದರು. ಆ ದೊಡ್ಡ ಮೈ ಎಲ್ಲಿ ಹೋಯಿತೋ. ನಾನು ಇಳಿಯೋ ಮುಂಚೆಯೇ, "ಮೇಷ್ಟ್ರ ಗಾಡಿ" ಅಂದರು, ನನ್ನ ಕಡೆ ನೋಡದೆ. ನಿಂತುಕೊಂಡೇ ಹೇಳಿದೆ. ಕುಂಕುಮ, ಗೆರೆ, ಕಂಬಳಿ, ಬನಿಯನ್ ಬಟ್ಟೆ, ಒಂದನ್ನೂ ಬಿಡಲಿಲ್ಲ. ಕೇಳಿ ಅವರು ಸಿಂಚನಳನ್ನ ಹತ್ತಿರ ಕರೆದರು.

"ನೀನೇನವ್ವಾ ಕಂಡುಹಿಡಿದಿದ್ದು? ಮೊದ್ಲಿಂದ ಹೇಳು. ಏನೇನ್ ನೋಡ್ದೆ?"

"ಬ್ಯಾಟರಿ ನೋಡ್ದೆ ತಾತ. ಪೆಟ್ರೋಲ್ ಬರ್ತಿತ್ತು."

"ಕಾರ್ಬೊರೇಟರ್ರು?"

"ಸರಿಯಾಗಿತ್ತು."

"ನೀರು ಗೀರು?"

"ಒಂದು ಹನಿ ಇರಲಿಲ್ಲ ತಾತ."

ಅವರು ಕುರ್ಚಿಯ ಕೈ ಹಿಡಿದು ಒಳಗೆ ತಿರುಗಿ ಕೂಗಿದರು. "ಏ ಇವಳೇ, ಬಾರೇ ಈಚೆಗೆ. ಸೊಸೇನೂ ಕರ್ಕೊಂಬಾ." ಅವರ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು, ಹಿಂದೆ ಸೊಸೆ. "ಇನ್ನೊಂದ್ಸಲ ಹೇಳವ್ವಾ, ಇವ್ರು ಕೇಳ್ಲಿ."

ನನ್ನ ಮೊಮ್ಮಗಳು ನೆಟ್ಟಗೆ ನಿಂತು ಹೇಳಿದಳು. "ಕಾರ್ಬೊರೇಟರ್ ಸರಿಯಾಗಿತ್ತು. ಆವತ್ತೂ ಸರಿಯಾಗೇ ಇತ್ತು. ತಪ್ಪು ನಮ್ಮ ಕಡೆಯದು."

ನಂಜಪ್ಪಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡರು. ಅವರ ಹೆಂಡತಿ ನನ್ನ ಕಡೆ ನೋಡಿದರು. ಆ ನೋಟ ನನಗೆ ಸಲ್ಲಬೇಕಾದ್ದೇ. ಟವೆಲು ತೆಗೆದ ಮೇಲೆ ನಂಜಪ್ಪಣ್ಣ ಅಂದಿದ್ದು ಇಷ್ಟು. "ಬಂದು ಒಂದ್ ಮಾತು ಅಂದಿದ್ರೆ ಆಯ್ತಿತ್ತು. ನಾನೇ ಒರೆಸ್ತಿದ್ದೆ, ವರ್ಷಾ ವರ್ಷಾ." ಕ್ಷಮಿಸಿದೆ ಅಂತ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಹೊರಡುವಾಗ ಎದ್ದು ಬಂದು ಬಾನೆಟ್ ಎತ್ತಿಸಿದರು. ಒಳಗಿಂದ ಹಳೇ ಸ್ಕ್ರೂಡ್ರೈವರ್ ತರಿಸಿ, ಕಿವಿಗಿಟ್ಟು ಕಣ್ಣು ಮುಚ್ಚಿದರು. "ಎರಡನೇ ಪಿಸ್ಟನ್ ಕಡೆ ಟ್ಯಾಪೆಟ್ ಸಡಿಲ ಐತೆ. ಭಾನುವಾರ ತತ್ತಾ, ತೋರಿಸ್ತೀನಿ" ಅಂತ ಸಿಂಚನಳಿಗೆ ಹೇಳಿ, ರೊಟ್ಟಿ ಹೆಂಚಿನಷ್ಟು ಅಗಲದ ಒಂದು ತಗಡಿನ ಮುಚ್ಚಳ ತಟ್ಟಿದರು. ಗಾಳಿ ಸೋಸೋ ಡಬ್ಬಿಯ ಮುಚ್ಚಳ ಅದು, ಕಾರ್ಬೊರೇಟರಿನ ನೆತ್ತಿ ಮೇಲೇ ಕೂತಿರುತ್ತೆ. "ಕುಂಕುಮ ಇಡಬ್ಯಾಡ ಅನ್ನಲ್ಲ ತಂಗಿ. ಇಲ್ಲಿ ಇಡು. ಇದು ನನ್ ಕಡೇದು."

ಇವತ್ತು ಬೆಳಿಗ್ಗೆಯೂ ಇಬ್ಬನಿ. ಸಿಂಚನ ಏಳೋ ಮುಂಚೆ ನಾನೇ ಬಾನೆಟ್ ಎತ್ತಿದೆ, ಎತ್ತೋದು ಕಲಿತಿದೀನಿ ಈಗ. ಬನಿಯನ್ ಬಟ್ಟೆಯಿಂದ ನಾಗಪ್ಪನ ಐದೂ ಹೆಡೆ ಒರೆಸಿದೆ, ಬುಡದ ಸಂದಿನವರೆಗೂ. ಕೈಗೆ ಅವರ ಕೈಯ ವಾಸನೆ ಬಂತು. ಆಮೇಲೆ ಕುಂಕುಮ ಕಲಸಿ, ನಂಜಪ್ಪಣ್ಣ ತೋರಿಸಿದ ಮುಚ್ಚಳದ ನಡುವೆ ಒಂದು ಬೊಟ್ಟು ಇಟ್ಟೆ. ಒಂದೇ. ಗೆರೆ ಎಳೆಯಲಿಲ್ಲ.