ಹಿತ್ತಲ ಬಾಗಿಲಿಂದ ಸಾಲಿಗೆ

ಹೊಸ ಜೀನ್ಸ್ ಪ್ಯಾಂಟನ್ನು ಮೊದಲ ಸಲ ನೀರಿಗೆ ಹಾಕಿದಾಗ ಏಳುವ ಕಮಟು ವಾಸನೆಗೆ ನನಗೆ ಇವತ್ತಿಗೂ ಮಗ್ಗಿ ನೆನಪಾಗುತ್ತದೆ. ನಗಬೇಡಿ. ರಾಯದುರ್ಗದ ನಮ್ಮ ಓಣಿಯ ಕನ್ನಡ ಸಾಲಿಯ ಸೋರುವ ಮಾಳಿಗೆ ಬಿಚ್ಚಿ ರಿಪೇರಿಗೆ ಹಚ್ಚಿದಾಗ, ನಮ್ಮ ಕ್ಲಾಸು ಬಂದು ಕೂತದ್ದು ಪಕ್ಕದಲ್ಲೇ ಇದ್ದ ನಮ್ಮ ದೊಡ್ಡವ್ವನ ಮನೆಯ ಪಡಸಾಲೆಯಲ್ಲಿ. ಅಪ್ಪ ಅಮ್ಮ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿದ್ದರಿಂದ ನಾನು ಬೆಳೆಯುತ್ತಿದ್ದದ್ದೂ ಆ ಮನೆಯಲ್ಲೇ. ಮಕ್ಕಳಿಲ್ಲದ ದೊಡ್ಡವ್ವ ಒಳಕೋಣೆಯಲ್ಲಿ ಕೂತು ಜೀನ್ಸಿಗೆ ಜೇಬು ಹೊಲಿಯುತ್ತಿದ್ದಳು. ಮಗ್ಗಿ ಮುಂದೆ, ಮಿಷಿನ್ನು ಹಿಂದೆ, ನಡುವೆ ಒಂದು ಹಳೇ ಸೀರೆಯ ಪರದೆ.

"ಮನ್ಯಾಗ ಇದ್ದಂವ ಸಾಲಿಗೆ ಹೆಂಗ ಹೋಗ್ಬೇಕಬೇ?" ಎಂದರೆ, ತಲೆ ಬಾಚಿ, ಚೀಲ ಹೆಗಲಿಗೆ ಹಾಕಿ, ಹಿತ್ತಲ ಬಾಗಿಲಿಂದ ಹೊರಗೆ ದಬ್ಬುವಳು. ನಾನು ಓಣಿ ಸುತ್ತಿ ಬಂದು ನಮ್ಮದೇ ಹೊಸ್ತಿಲಲ್ಲಿ ನಿಂತು, "ಒಳಗ ಬರ್ಲೇನ್ರಿ ಸಾರ್?" ಎನ್ನಬೇಕು. ಬಾಯಾರಿದರೆ ಪಡಸಾಲೆಯ ನೀರಿನ ಕೊಡ ಮನೆಯದೋ ಸಾಲಿಯದೋ ತಿಳಿಯದೆ ಒಣಗಿ ಕೂತಿರುತ್ತಿದ್ದೆ. ಅಷ್ಟು ಬುದ್ಧಿವಂತ ನಾನು. ಹಾಜರಿಯಲ್ಲಿ ಯಾರಾದರೂ ಓಗೊಡದಿದ್ದರೆ ಪರದೆಯ ಹಿಂದಿನಿಂದ ದೊಡ್ಡವ್ವನೇ ಕೂಗುವಳು: "ಬರಾಕ ಹತ್ಯಾನ್ರಿ, ಹಾಕ್ಕೊಳ್ರಿ!" ಮೇಷ್ಟ್ರು ಮೂಗಿನಲ್ಲೇ ನಕ್ಕು, "ಪಾಠಾನೂ ನೀನ ಹೇಳಿಬಿಡವ್ವಾ" ಎನ್ನುವರು.

ಮಾಳಿಗೆ ಮುಗಿಯುತ್ತಾ ಬಂದಂತೆ ಅವಳಿಗೆ ಕಳವಳ. "ಗೋಡೆ ಇನ್ನಾ ಹಸಿ ಅದಾವ್ರಿ, ಹುಡುಗ್ರಿಗೆ ನೆಗಡಿ ಆಗ್ತೈತಿ, ಇಲ್ಲೇ ಇರ್ರಿ" ಎಂದು ಮೇಷ್ಟ್ರನ್ನು ದಿನಾ ಕೇಳಿಕೊಂಡಳು. ಗೋಡೆ ಒಣಗಿದವು, ಸಾಲಿ ಹೋಯಿತು. ಅವತ್ತು ಸಂಜೆ ಮಿಷಿನ್ ನಿಲ್ಲಿಸಿ, "ಏ ಮಂಗ್ಯಾ, ಮೇಷ್ಟ್ರಂಗ ಹಾಜರಿ ಕರಿ" ಎಂದಳು. ಮೂಗಿನ ದನಿಯಲ್ಲಿ ಎಲ್ಲರ ಹೆಸರು ಕರೆದೆ. ಒಬ್ಬೊಬ್ಬರಿಗೂ ಅವಳೇ ಓಗೊಟ್ಟಳು. ಕೊನೆಗೆ, "ನನ್ನ ಹುಡುಗನ್ನ ಯಾಕ ಬಿಟ್ರಿ ಸಾರ್?" ಎಂದಳು. ನನ್ನ ಹೆಸರನ್ನೇ ಕರೆದಿರಲಿಲ್ಲ. ನಕ್ಕೆವು. ಮುಂದಿನ ಬೇಸಗೆಯಲ್ಲಿ ಅಪ್ಪ ಬಂದು ನನ್ನನ್ನು ಬೆಂಗಳೂರಿಗೆ ಕರೆದೊಯ್ದ.

ದೊಡ್ಡವ್ವ ಈಗಿಲ್ಲ. ಸಾಲಿ ಬೆಳೆದು, ಮನೆಯ ಜಾಗದಲ್ಲೂ ಹೊಸ ಕೋಣೆ ಎದ್ದಿದೆ. ಮೊನ್ನೆ ಹೋದಾಗ ಹಿತ್ತಲಿದ್ದ ಕಡೆ ನಿಂತೆನೋ, ಮುಂಬಾಗಿಲ ಕಡೆ ನಿಂತೆನೋ, ತಿಳಿಯಲಿಲ್ಲ. ನಿಮಗೂ ನಿಮ್ಮ ಹಳೇ ಮನೆ ಇದ್ದ ಜಾಗದಲ್ಲಿ ಹೀಗೆ ದಿಕ್ಕು ತಪ್ಪಿರಬಹುದು. ಒಳಗೆ ಟೀಚರಮ್ಮ ಹಾಜರಿ ಕರೆಯುತ್ತಿದ್ದರು. ಒಂದು ಹೆಸರಿಗೆ ಯಾರೂ ಓಗೊಡಲಿಲ್ಲ. ಅವರು ಮತ್ತೊಮ್ಮೆ ಕರೆದರು. ಕಿಟಕಿಯ ಹೊರಗಿದ್ದ ನನ್ನ ಬಾಯಿಂದ ದೊಡ್ಡವ್ವನ ದನಿ ಬಂತು:

"ಬರಾಕ ಹತ್ಯಾನ್ರಿ, ಹಾಕ್ಕೊಳ್ರಿ."