ಮನೆಯಲ್ಲೇ ತೊಳೆದುಕೊಂಡು ಹೋದ ಕಾಲು

ಪವಿತ್ರ ಗುರುವಾರದ ಸಂಜೆ ಯಾವ ಚರ್ಚಿಗೆ ಬೇಕಾದರೂ ಹೋಗಿ ನೋಡಿ. ಪೀಠದ ಮುಂದೆ ಸಾಲಾಗಿ ಕುಳಿತ ಹನ್ನೆರಡು ಗಂಡಸರ ಕಾಲುಗಳಷ್ಟು ಶುಭ್ರವಾದ ಕಾಲುಗಳು ಆ ಹೊತ್ತಿಗೆ ಊರಿನಲ್ಲೆಲ್ಲೂ ಇರುವುದಿಲ್ಲ. ಯೇಸುಸ್ವಾಮಿ ಕಡೆಯ ಭೋಜನದ ದಿನ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ಅವತ್ತು ಫಾದರ್ ಸೊಂಟಕ್ಕೆ ಬಿಳಿ ಟವಲ್ ಸುತ್ತಿಕೊಂಡು, ಮಂಡಿಯೂರಿ, ಹನ್ನೆರಡು ಜನರ ಪಾದ ತೊಳೆದು ಒರೆಸಿ ಮುತ್ತಿಡುತ್ತಾರೆ. ಆಯ್ಕೆಯಾದವರು ಇದಕ್ಕೆ ಸಿದ್ಧರಾಗುವ ವೈಭವವನ್ನು ಅವರ ಹೆಂಡಂದಿರನ್ನೇ ಕೇಳಬೇಕು. ಮಧ್ಯಾಹ್ನವೇ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ನೆನೆಹಾಕಿ, ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿ, ಉಗುರು ಕತ್ತರಿಸಿ, ಮೇಲೆ ಪೌಡರ್ ಉದುರಿಸಿ, ಆಟೋದಲ್ಲಿ ಧೂಳು ತಾಗದಂತೆ ಕಾಲು ಮಡಚಿ ಕೂತು ಬರುತ್ತಾರೆ. ಫಾದರ್ ಪಾಲಿಗೆ ಉಳಿಯುವುದು ಪೌಡರ್ ತೊಳೆಯುವ ಕೆಲಸ ಮಾತ್ರ.

ಚೆನ್ನೈಯ ವೆಸ್ಟ್ ಮಾಂಬಲಂನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯಲ್ಲಿದ್ದ ಸರೋಜಳಿಗೆ ಇದನ್ನು ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಉಡುಪಿ ಕಡೆಯವಳು, ಗಂಡ ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ.

"ಅಲ್ಲ ಅಕ್ಕ, ತೊಳೆಸಿಕೊಳ್ಳಲಿಕ್ಕೆ ಹೋಗುವವರು ಮನೆಯಲ್ಲೇ ತೊಳ್ಕೊಂಡು ಹೋದರೆ ನಿಮ್ಮ ಪಾದ್ರಿಗಳಿಗೆ ಎಂತ ಕೆಲಸ? ನಮ್ಮಲ್ಲಿ ಮದುವೆಗೆ ಅಳಿಯನ ಕಾಲು ತೊಳೀತಾರೆ. ಅವನು ಕಾಲು ತೊಳ್ಕೊಂಡು ಬಂದಿದಾನಾ ಇಲ್ವಾ ಅಂತ ಯಾರೂ ನೋಡುವುದಿಲ್ಲ. ಹುಡುಗ ಬಂದನಲ್ಲ, ಅಷ್ಟೇ ಪುಣ್ಯ."

ನಗುವ ವಿಷಯವೇ. ಆದರೆ ಇದರೊಳಗೆ ನಮ್ಮ ಜನ್ಮಕ್ಕಂಟಿದ ಒಂದು ರೋಗವೂ ಇದೆ. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ನಮಗೆ ಸೇವೆಯನ್ನು ಗ್ರಾಮರ್ ಹೇಳಿಕೊಟ್ಟಷ್ಟೇ ಸ್ಟ್ರಿಕ್ಟಾಗಿ ಹೇಳಿಕೊಟ್ಟರು. ರೋಗಿಯ ಹಾಸಿಗೆಯ ಮೇಲೆ ಕೂರಬಾರದು, ನಿನಗೆ ಬಂದಿದ್ದ ಜ್ವರದ ಕಥೆ ಅಲ್ಲಿ ಬಿಚ್ಚಬಾರದು, ಹೊರಡುವಾಗ ಒಂದು ಸ್ಮೈಲ್ ಬಿಟ್ಟು ಬರಬೇಕು. ಕೊಡುವುದನ್ನು ಪೂರ್ತಿ ಕಲಿತೆವು. ತೆಗೆದುಕೊಳ್ಳುವುದು ಸಿಲಬಸ್ಸಿನಲ್ಲೇ ಇರಲಿಲ್ಲ. ಹಾಗಾಗಿ ನಮ್ಮ ಪೈಕಿ ಯಾರಾದರೂ ಆಸ್ಪತ್ರೆ ಸೇರಿದರೆ, ನೋಡಲು ಬಂದವರಿಗೆಲ್ಲ ಹಾಸಿಗೆಯಿಂದಲೇ ಕಾಫಿ ತರಿಸಿ ಕೊಡುತ್ತಾ ಇನ್ನಷ್ಟು ಸುಸ್ತಾಗುತ್ತಾರೆ.

ಈ ರೋಗ ನಮ್ಮವರಲ್ಲಿ ಹೆಚ್ಚು ಉಲ್ಬಣವಾಗಿತ್ತು. ನಮ್ಮವರೆಂದರೆ ಲಾರೆನ್ಸ್, ನನ್ನ ಯಜಮಾನರು, ರೈಲ್ವೆಯಿಂದ ರಿಟೈರ್ ಆದವರು. ಹೊಸ ಶತಮಾನ ಶುರುವಾದ ಮೊದಲ ವರ್ಷಗಳ ಮಾತು ಇದು. ಆಗ ಅವರು ಪ್ರತಿ ಶನಿವಾರ ಬೆಳಗ್ಗೆ ಮಾಂಬಲಂನಲ್ಲಿ ಎಲೆಕ್ಟ್ರಿಕ್ ಟ್ರೈನ್ ಹತ್ತಿ ತಾಂಬರಂ ಕಡೆಯ ಒಂದು ವೃದ್ಧಾಶ್ರಮಕ್ಕೆ ಹೋಗುತ್ತಿದ್ದರು. ಉಳಿದ ಭಕ್ತರು ಅಲ್ಲಿಗೆ ಬಾಳೆಹಣ್ಣು, ಬಿಸ್ಕತ್ತು ಒಯ್ಯುವರು. ಇವರು ಒಯ್ಯುವುದು ನೇಲ್ ಕಟ್ಟರ್, ಹತ್ತಿ, ಡೆಟಾಲ್. ವಯಸ್ಸಾದವರ ಕಾಲುಗುರು ನೀವು ನೋಡಿದ್ದೀರಾ? ಕೊಂಬಿನ ಹಾಗೆ ಗಡುಸಾಗಿ ಮಾಂಸದೊಳಕ್ಕೆ ಬಾಗಿರುತ್ತದೆ. ಬಗ್ಗಿ ಕತ್ತರಿಸಿಕೊಳ್ಳಲು ಅವರಿಗೆ ಆಗದು, ಕತ್ತರಿಸಲು ಮಕ್ಕಳಿಗೆ ಪುರಸೊತ್ತಿಲ್ಲ. ನಮ್ಮವರು ಒಂದು ಗಿಡ್ಡ ಸ್ಟೂಲು ಎಳೆದು ಕೂತು ಒಬ್ಬೊಬ್ಬರ ಕಾಲನ್ನೂ ತೊಡೆಯ ಮೇಲಿಟ್ಟುಕೊಂಡು ಕತ್ತರಿಸುವರು. ಜೊತೆಗೆ ಉಪದೇಶ ಬೇರೆ: ಸಕ್ಕರೆ ಕಾಯಿಲೆ ಇದ್ದವರು ದಿನಾ ಅಂಗಾಲು ನೋಡಿಕೊಳ್ಳಬೇಕು, ಸಣ್ಣ ಗಾಯವನ್ನೂ ಬಿಡಬಾರದು. ಸ್ವತಃ ಸಕ್ಕರೆ ಕಾಯಿಲೆಯವರಾಗಿದ್ದ ಇವರು ಮನೆಯಲ್ಲಿ ಮೂರು ಹೊತ್ತೂ ಸಾಕ್ಸ್ ಹಾಕಿಕೊಂಡೇ ಇರುತ್ತಿದ್ದರು. ಚೆನ್ನೈ ಬಿಸಿಲಿನಲ್ಲಿ, ಏಪ್ರಿಲ್ ತಿಂಗಳಲ್ಲಿ. ನಾನು ಅದನ್ನು ಜಂಟಲ್‌ಮನ್ ಅಭ್ಯಾಸವೆಂದು ತಿಳಿದು ಸಾಕ್ಸ್ ಒಗೆಯುತ್ತಿದ್ದೆ.

ಆ ವರ್ಷ ಫಾದರ್ ಭಾನುವಾರದ ಪೂಜೆ ಮುಗಿದ ಮೇಲೆ ಎಲ್ಲರೆದುರೇ ಇವರ ಹೆಗಲ ಮೇಲೆ ಕೈಯಿಟ್ಟು, ಗುರುವಾರ ನೀವೂ ಹನ್ನೆರಡರಲ್ಲಿ ಒಬ್ಬರು ಎಂದುಬಿಟ್ಟರು. ಒಲ್ಲೆ ಎನ್ನಲು ಸಂದು ಸಿಗಲಿಲ್ಲ. ಗುರುವಾರ ಮಧ್ಯಾಹ್ನ ಇವರು ಬಕೆಟ್ ಸಮೇತ ಬಚ್ಚಲು ಹೊಕ್ಕು ಚಿಲಕ ಹಾಕಿಕೊಂಡರು.

ಸಂಜೆ ನಾನು ಮುಂದಿನ ಬೆಂಚಿನಲ್ಲೇ ಕುಳಿತಿದ್ದೆ. ನಮ್ಮ ಚರ್ಚಿನಲ್ಲಿ ತೊಳೆಯುವುದು ಬಲಗಾಲನ್ನು ಮಾತ್ರ. ಪೂಜೆಯಲ್ಲಿ ಫಾದರ್‌ಗೆ ನೆರವಾಗುವ ಉಪದೇಶಿ ಮೊದಲೇ ಸಾಲಿನುದ್ದಕ್ಕೂ ನಡೆಯುತ್ತಾ "ವಲದು ಕಾಲ್, ವಲದು ಕಾಲ್" ಎಂದು ತಮಿಳಿನಲ್ಲಿ ಪಿಸುಗುಟ್ಟಿ ಎಲ್ಲರಿಗೂ ಬಲಗಾಲ ಸಾಕ್ಸ್ ಬಿಚ್ಚಲು ಹೇಳಿದ್ದರು. ಫಾದರ್ ಒಬ್ಬೊಬ್ಬರನ್ನೇ ಮುಗಿಸಿ ನಮ್ಮವರ ಮುಂದೆ ಬಂದು ಮಂಡಿಯೂರಿದರೆ, ಇವರು ಸಾಕ್ಸ್ ಬಿಚ್ಚಿದ ಎಡಗಾಲನ್ನು ಚಾಚಿದರು. ಉಪದೇಶಿ ಕಣ್ಸನ್ನೆ ಮಾಡಿದರು. ಇವರು ಛಾವಣಿಯ ಫ್ಯಾನನ್ನೇ ನೋಡುತ್ತಿದ್ದರು. ಫಾದರ್ ಒಂದು ಕ್ಷಣ ತಡೆದು, ಸಿಕ್ಕ ಕಾಲನ್ನೇ ತೊಳೆದು ಮುತ್ತಿಟ್ಟು ಮುಂದೆ ಹೋದರು.

ಸುತ್ತಲಿನವರು ಮುಗುಳ್ನಕ್ಕರು, ಪಾಪ, ಗಾಬರಿಯಾಗಿದೆ ಎಂದುಕೊಂಡರು. ನನಗೆ ನಗು ಬರಲಿಲ್ಲ. ಜೀವಮಾನವಿಡೀ ಸಿಗ್ನಲ್ ಬಿದ್ದ ಮೇಲೆಯೇ ಹೆಜ್ಜೆಯಿಟ್ಟ ಮನುಷ್ಯ, ಎಲ್ಲರೂ ಬಲಗಾಲು ಕೊಡುವಾಗ ಎಡಗಾಲು ಕೊಟ್ಟರೆ ಅದಕ್ಕೆ ಕಾರಣವಿರಲೇಬೇಕು.

ಮನೆಗೆ ಬಂದು ಬಾಗಿಲು ಹಾಕಿದೆ. "ರೀ, ಆ ಬಲಗಾಲು ತೋರಿಸಿ."

"ಏನಿಲ್ಲ ಕಣೇ. ಶೂ ಕಚ್ಚಿದೆ."

"ಎಲ್ಲಿ ಕಚ್ಚಿದೆ?"

"ಅಡೀಲಿ."

"ಶೂ ಕಚ್ಚಿದ್ರೆ ಹಿಮ್ಮಡಿ ಕಚ್ಚುತ್ತೆ. ಅಂಗಾಲಿಗೆ ನುಗ್ಗಿ ಕಚ್ಚೋ ಶೂ ಯಾವ ಕಂಪನಿದು ಹೇಳಿ, ನಾನೂ ನೋಡ್ತೀನಿ."

ಅವರು ನಗಲಿಲ್ಲ. ಹೆಬ್ಬೆರಳ ಬುಡದಲ್ಲಿ ಒಂದು ಗಾಯ, ಬಹಳ ದಿನದಿಂದ ಮಾಯುತ್ತಿಲ್ಲ, ನೋವು ಮಾತ್ರ ಇಲ್ಲ ಎಂದರು. ನೋವಿಲ್ಲದಿರುವುದೇ ಕೆಟ್ಟ ಲಕ್ಷಣವೆಂದು ಆಶ್ರಮದಲ್ಲಿ ಊರಿಗೆಲ್ಲ ಹೇಳುತ್ತಿದ್ದವರು ಇವರೇ. ಡಾಕ್ಟರ ಹತ್ತಿರ ಹೋಗೋಣ ಎಂದೆ. ಸಾಕ್ಸನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡು, "ಅಪ್ಪನೂ ಒಂದು ಡ್ರೆಸ್ಸಿಂಗಿಗೆ ಅಂತಲೇ ಹೋದದ್ದು" ಎಂದರು. ನಮ್ಮ ಮಾವನವರು ಆಸ್ಪತ್ರೆಯಿಂದ ವಾಪಸು ಬಂದದ್ದು ಮಂಡಿಯಿಂದ ಕೆಳಗೆ ಕಾಲಿಲ್ಲದೆ. ಇವರಿಗಾಗ ಎಳೆಯ ಪ್ರಾಯ. ಅಪ್ಪನನ್ನು ಎತ್ತಿ ಬಚ್ಚಲಿಗೆ ಒಯ್ಯುತ್ತಿದ್ದವರು ಇವರೇ. ಆ ಕಾಲು ಹೋದಂತೆ ಈ ಕಾಲೂ ಹೋಗುತ್ತದೆ, ಅದನ್ನು ಯಾರ ಬಾಯಿಂದಲೂ ಕೇಳಬಾರದು ಎಂಬುದೇ ಆ ಸಾಕ್ಸಿನ ಹಿಂದಿನ ಲೆಕ್ಕಾಚಾರ.

ಯೇಸುಸ್ವಾಮಿಯ ಆ ಕಡೆಯ ಭೋಜನದಲ್ಲೂ ಒಬ್ಬ ಶಿಷ್ಯ ಹೀಗೇ ಹಟ ಹಿಡಿದನಂತೆ, ಸ್ವಾಮಿ ನನ್ನ ಕಾಲು ಮುಟ್ಟಕೂಡದು ಎಂದು. ಒರಟು ಮೀನುಗಾರ, ಮುಂದೆ ಎಲ್ಲರಿಗೂ ಹಿರಿಯನಾದವನು. ಈ ಪ್ರಸಂಗದ ಮೇಲೆ ಫಾದರ್‌ಗಳ ಎಷ್ಟೋ ಪ್ರವಚನ ಕೇಳಿದ್ದೇನೆ. ಎಲ್ಲರೂ ಅದನ್ನು ಅವನ ವಿನಯವೆಂದರು. ನನ್ನ ಅಭಿಪ್ರಾಯ ಬೇರೆ. ಅವನ ಹಿಮ್ಮಡಿ ಒಡೆದಿದ್ದಿರಬೇಕು, ತೋರಿಸಲು ನಾಚಿಕೆ. ವಿನಯವೆಂದು ನಾವು ಕೊಂಡಾಡುವುದರಲ್ಲಿ ಅರ್ಧ ಭಾಗ ಒಡೆದ ಹಿಮ್ಮಡಿಯೇ.

ಶುಕ್ರವಾರವಿಡೀ ನಾನು ಶಿಲುಬೆಯ ಮುಂದೆ ಕೂತು ಪ್ರಾರ್ಥಿಸಿದ್ದಕ್ಕಿಂತ ಪ್ಲಾನ್ ಮಾಡಿದ್ದೇ ಹೆಚ್ಚು. ದೇವರು ಅರ್ಥಮಾಡಿಕೊಂಡಿರುತ್ತಾನೆ. ಶನಿವಾರ ಇವರು ಎಂದಿನಂತೆ ಚೀಲ ಹಿಡಿದು ಹೊರಟರು. ಮರುದಿನದ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ತಾತಂದಿರ ಉಗುರು ಚೊಕ್ಕಟವಾಗಿರಬೇಕಲ್ಲ. ನಾನೂ ಬರುತ್ತೇನೆಂದು ಹೊರಟುಬಿಟ್ಟೆ.

ಆಶ್ರಮದ ಜಗಲಿಯ ಬೆಂಚಿನಲ್ಲಿ ತಾತಂದಿರು ಆಗಲೇ ಕಾಲು ತೊಳೆದು ಸಾಲಾಗಿ ಕುಳಿತಿದ್ದರು. ತುದಿಯಲ್ಲಿ ಏಳುಮಲೈ ತಾತ, ಹಿಂದೆ ಲಾರಿ ಓಡಿಸುತ್ತಿದ್ದವನು. ಅವನಿಗಿದ್ದದ್ದು ಒಂದೇ ಕಾಲು, ಇನ್ನೊಂದನ್ನು ಇದೇ ಸಕ್ಕರೆ ತಿಂದಿತ್ತು. ಇವರು ಸ್ಟೂಲು ಎಳೆಯುವ ಮುಂಚೆ ನಾನು ನನ್ನ ಹರಕು ತಮಿಳಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ: ಇವತ್ತು ಮೊದಲ ಪಾಳಿ ಸಾರ್‌ದು, ಅವರ ಬಲಗಾಲಲ್ಲಿ ಗಾಯವಿದೆ, ನನಗೆ ತೋರಿಸುತ್ತಿಲ್ಲ.

ನಮ್ಮವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಏಳುಮಲೈ ತಾತ ಊರುಗೋಲು ಊರಿಕೊಂಡು ಎದ್ದು ತನ್ನ ಜಾಗ ಬಿಟ್ಟುಕೊಟ್ಟ. "ಉಕ್ಕಾರುಂಗ ಸಾರ್," ಎಂದ, ಕೂತುಕೊಳ್ಳಿ ಎಂದು. ಇವರು ಕದಲಲಿಲ್ಲ. "ವೆಕ್ಕಮಾ ಸಾರ್?" ನಾಚಿಕೆಯೇ ಎಂದು ಕೇಳಿದ. "ನಮ್ಮ ಕಾಲನ್ನೆಲ್ಲ ಮಡಿಲಲ್ಲಿ ಇಟ್ಟುಕೊಂಡಾಗ ನಮಗೂ ವೆಕ್ಕ ಇತ್ತು ಸಾರ್. ನೀವು ಸುಮ್ಮನೆ ಕೊಡು ಅಂದ್ರಿ, ಕೊಟ್ವಿ."

ಪಕ್ಕದ ತಾತ ಸೇರಿಸಿದ, "ತೋರಿಸದಿದ್ದರೆ ನಮ್ಮದೂ ತೋರಿಸೋದಿಲ್ಲ. ಹಬ್ಬಕ್ಕೆ ಹಿಂಗೇ ಉಗುರು ಬೆಳೆಸ್ಕೊಂಡು ಕೂತ್ಕೋತೀವಿ."

ಇಡೀ ಬೆಂಚು ಕಾಲುಗಳನ್ನು ಒಳಗೆಳೆದುಕೊಂಡಿತು. ಇಂಥ ಸ್ಟ್ರೈಕನ್ನು ರೈಲ್ವೆಯಲ್ಲೂ ಇವರು ಕಂಡಿರಲಿಲ್ಲ. ಕಡೆಗೆ ಬೆಂಚಿನ ಮೇಲೆ ಕೂತು, ಬಗ್ಗಿ, ಸಾಕ್ಸ್ ಎಳೆದರು. ಏಳುಮಲೈ ತಾತ ಸ್ಟೂಲಿನ ಮೇಲೆ ಕೂತು ಆ ಕಾಲನ್ನು ಹಿಡಿದು ನೋಡಿದ. ಮಗುವಿನ ಗಾಯಕ್ಕೆ ಊದುವಂತೆ ಒಂದು ಸಲ ಊದಿದ. ನಮ್ಮವರ ಕಣ್ಣಲ್ಲಿ ನೀರು ಬಂತು. ನೋವಿಲ್ಲದ ಗಾಯಕ್ಕೆ ಅತ್ತ ಮನುಷ್ಯನನ್ನು ಅದೇ ಮೊದಲು ನೋಡಿದೆ.

ಅಲ್ಲಿಂದ ನೇರ ಡಾಕ್ಟರ ಹತ್ತಿರ ಹೋದೆವು. ಅವರು, ಇನ್ನಷ್ಟು ತಡವಾಗಿದ್ದರೆ ನನ್ನ ಕೈಮೀರುತ್ತಿತ್ತು ಎಂದು ಬೈದು, ಗಾಯ ಚೊಕ್ಕಟ ಮಾಡಿ, ಔಷಧಿ ಕೊಟ್ಟು, ದಿನಾ ಬೆಳಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಹೊಸ ಪಟ್ಟಿ ಕಟ್ಟಬೇಕೆಂದರು. ಕಾಲು ಉಳಿಯಿತು.

ಆ ಕೆಲಸ ನನ್ನದಾಯಿತು. ನಾನು ಮಣೆಯ ಮೇಲೆ, ಅವರು ಕುರ್ಚಿಯ ಮೇಲೆ, ನಡುವೆ ಒಂದು ಬೇಸಿನ್. ಮೊದಮೊದಲು ಪೇಪರ್ ಅಡ್ಡ ಹಿಡಿದು ಕೂರುತ್ತಿದ್ದರು. ಬರಬರುತ್ತಾ ಪೇಪರ್ ಕೆಳಗಿಳಿಯಿತು, ಮಾತು ಶುರುವಾಯಿತು: ಅಪ್ಪನನ್ನು ಎತ್ತುವಾಗ ಎಷ್ಟು ಹಗುರ ಅನಿಸುತ್ತಿತ್ತು, ಅದಕ್ಕೆ ಎಷ್ಟು ಹೆದರಿಕೆಯಾಗುತ್ತಿತ್ತು. ಸಂಜೆಯ ಜಪಸರದ ಪ್ರಾರ್ಥನೆಯನ್ನು ಮದುವೆಯಾದಾಗಿನಿಂದ ಒಟ್ಟಿಗೇ ಹೇಳಿದವರು ನಾವು. ಇದೊಂದನ್ನೂ ಅವರು ನನಗೆ ಹೇಳಿರಲಿಲ್ಲ. ದೇವರಿಗೆ ಹೇಳಿದ್ದರೋ ಏನೋ, ಅವರಿಬ್ಬರ ವಿಷಯ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಯ ಪೂರ್ತಿ ಮಾಯ್ದಿತ್ತು. ಇನ್ನು ಪಟ್ಟಿ ಬೇಡ, ಮೇಡಮ್‌ಗೆ ರಜೆ ಕೊಡಿ ಎಂದರು ಡಾಕ್ಟರು. ಮರುದಿನ ಬೆಳಗ್ಗೆ ನಾನು ಕಾಫಿ ಸೋಸುತ್ತಿದ್ದೆ. ಹಾಲ್‌ನಲ್ಲಿ ಕುರ್ಚಿ ಎಳೆದ ಸದ್ದಾಯಿತು. ಇಣುಕಿದರೆ, ಎಂದಿನ ಜಾಗದಲ್ಲಿ ಪ್ಯಾಂಟು ಮಡಚಿಕೊಂಡು, ಬರಿಗಾಲು ಮುಂದೆ ಚಾಚಿ ಕುಳಿತಿದ್ದಾರೆ.

"ನೀರು ಕಾಯ್ತಾ?" ಎಂದರು.

ಗಾಯ ಮಾಯ್ದಿದೆಯೆಂದು ನೆನಪಿಸುವುದು ಹೆಂಡತಿಯ ಧರ್ಮವಾಗಿತ್ತೇನೋ. ನಾನು ಕಾಫಿ ಪಾತ್ರೆ ಇಳಿಸಿ, ನೀರು ಇಟ್ಟೆ.